ಬೆಳೆದ ಬಾಲ್ ಪೈಥಾನ್ ಕೊಳ್ಳೋ ಮುಂಚೆ ಹೆಣ್ಣೋ ಗಂಡೋ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಡಲ್ಲಾಸ್_ಹೊಸಬ:

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರೋದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಮನೇಲಿ ಎಲ್ಲರೂ ಒಪ್ಪಿ ಒಂದು ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಸಾಕೋಣ ಅಂತ ತೀರ್ಮಾನ ಮಾಡಿದ್ದೀವಿ. ಪೆಟ್ಟಿಗೆ, ಹೀಟರು, ಥರ್ಮೋಸ್ಟಾಟು ಎಲ್ಲ ಸಿದ್ಧ ಇದೆ. ಮರಿ ಬೇಡ, ಚೆನ್ನಾಗಿ ತಿನ್ನೋ ಬೆಳೆದ ಹಾವೇ ಇರಲಿ ಅಂತ ಹುಡುಕ್ತಿದ್ದೆ.

ಇಲ್ಲೇ ಹತ್ತಿರ ಒಬ್ಬರು ಮಾರ್ತಿದ್ದಾರೆ. ಬನಾನ ಮಾರ್ಫ್ (ಹಳದಿ ಬಣ್ಣದ ಬಗೆ), ಆರು ವರ್ಷ, 1,450 ಗ್ರಾಂ. "ಹೆಣ್ಣು, ಒಂದು ಸಲ ಮೊಟ್ಟೆ ಇಟ್ಟಿದೆ" ಅಂತ ಹೇಳ್ತಾರೆ, ಅದಕ್ಕೇ ಗಂಡಿನ ಬೆಲೆಗಿಂತ ಸಾಕಷ್ಟು ಹೆಚ್ಚು ಕೇಳ್ತಿದ್ದಾರೆ. ಆದರೆ ಅವರೂ ಇದನ್ನ ಬೇರೆಯವರಿಂದ ತಗೊಂಡಿದ್ದಂತೆ. ಬಾಲದ ಫೋಟೋ ಕಳಿಸಿದ್ದಾರೆ, ನನಗಂತೂ ಏನೂ ಗೊತ್ತಾಗ್ತಿಲ್ಲ. ಒಬ್ಬರು ಬಾಲದ ಉದ್ದ ನೋಡಿ ಅಂತಾರೆ, ಇನ್ನೊಬ್ಬರು ಸ್ಪರ್ ನೋಡಿ ಅಂತಾರೆ, ಮತ್ತೊಬ್ಬರು ಪಾಪ್ ಮಾಡಿಸಿ ಅಂತಾರೆ. ಮುಂದೆ ಮರಿ ಮಾಡಿಸೋ ಆಸೆ ಇದೆ, ಹಾಗಾಗಿ ಹೆಣ್ಣೇ ಬೇಕು. ದುಡ್ಡು ಕೊಡೋ ಮುಂಚೆ ಖಾತ್ರಿ ಹೇಗೆ ಮಾಡ್ಕೊಳ್ಳಲಿ?

ಆಸ್ಟಿನ್_ರಾಯರು:

ಮೊದಲನೇ ಮಾತು: ಬಾಲ್ ಪೈಥಾನ್ ಬಾಲದ ಫೋಟೋ ನೋಡಿ ಯಾರಾದರೂ ಹೆಣ್ಣು ಅಥವಾ ಗಂಡು ಅಂತ ಖಡಾಖಂಡಿತ ಹೇಳಿದರೆ ಅದರ ಮೇಲೆ ದುಡ್ಡು ಹಾಕಬೇಡಿ. ಈ ಹಾವಿನ ಬಾಲ ಎರಡರಲ್ಲೂ ಮೋಟು.

ಒಳಗೆ ಏನಿದೆ ಅಂತ ತಿಳ್ಕೊಂಡರೆ ಮಿಕ್ಕಿದ್ದು ತಾನೇ ಅರ್ಥ ಆಗುತ್ತೆ. ಹೊಟ್ಟೆ ಮುಗಿದು ಬಾಲ ಶುರುವಾಗೋ ಕಡೆ ಅಡ್ಡಕ್ಕೆ ಒಂದು ಸೀಳು ಇರುತ್ತಲ್ಲ, ಅದು ವೆಂಟ್. ಗಂಡು ಹಾವಿಗೆ ಜನನಾಂಗ ಒಂದಲ್ಲ, ಎರಡು, ಹೆಮಿಪೀನಿಸ್ ಅಂತಾರೆ. ವೆಂಟಿನಿಂದ ಬಾಲದ ತುದಿಯ ಕಡೆಗೆ, ಎಡಕ್ಕೊಂದು ಬಲಕ್ಕೊಂದು, ಕಾಲುಚೀಲ ಒಳಮಗುಚಿದ ಹಾಗೆ ಬಾಲದ ಬುಡದೊಳಗೆ ಅಡಗಿರ್ತವೆ. ಅವಕ್ಕೆ ಜಾಗ ಬೇಕು, ಅದನ್ನ ಹಿಂದಕ್ಕೆ ಎಳ್ಕೊಳ್ಳೋ ಸ್ನಾಯುವಿಗೂ ಜಾಗ ಬೇಕು. ಅದಕ್ಕೇ ಗಂಡಿನ ಬಾಲದ ಬುಡ ದಪ್ಪ, ಬಾಲ ಒಂದಷ್ಟು ಉದ್ದ. ಹೆಣ್ಣಿನ ಬಾಲ ವೆಂಟ್ ದಾಟಿದ ಕೂಡಲೇ ಸಣ್ಣಗಾಗುತ್ತೆ. ಕೆಲವು ಜಾತಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಬಾಲ್ ಪೈಥಾನ್‌ನಲ್ಲಿ ಹಾಗಿಲ್ಲ. ಚೆನ್ನಾಗಿ ತಿಂದು ಕೊಬ್ಬಿದ ಹೆಣ್ಣಿನ ಬಾಲದ ಬುಡವೂ ದಪ್ಪಗೇ ಕಾಣುತ್ತೆ.

ಸ್ಪರ್ ವಿಷಯ. ವೆಂಟಿನ ಎರಡೂ ಪಕ್ಕ ಉಗುರಿನಂಥ ಮುಳ್ಳುಗಳು, ಹೆಬ್ಬಾವು ಮತ್ತು ಬೋವಾಗಳ ಪೂರ್ವಜರಿಗಿದ್ದ ಹಿಂಗಾಲಿನ ಉಳಿಕೆ. ಬೋವಾಗಳಲ್ಲಿ ಗಂಡಿನ ಸ್ಪರ್ ಸಾಮಾನ್ಯವಾಗಿ ದೊಡ್ಡದು, ಕೊಕ್ಕೆಯ ಹಾಗೆ ಬಾಗಿರುತ್ತೆ. ಬಾಲ್ ಪೈಥಾನ್‌ನಲ್ಲಿ ಹೆಣ್ಣಿಗೂ ಇರುತ್ತೆ, ಕೆಲವು ಹೆಣ್ಣಿನದು ಗಂಡಿಗಿಂತ ದೊಡ್ಡದೇ ಇರುತ್ತೆ, ಸವೆದೂ ಹೋಗಿರುತ್ತೆ. ಲೆಕ್ಕಕ್ಕೆ ತಗೋಬೇಡಿ.

ತೂಕ? ಪೂರ್ತಿ ಬೆಳೆದ ಹೆಣ್ಣು ಗಂಡಿಗಿಂತ ದೊಡ್ಡದು, ಎರಡು ಕೆಜಿ ದಾಟೋ ಹೆಣ್ಣುಗಳು ಬೇಕಾದಷ್ಟಿವೆ. ಆದರೆ ನಿಮ್ಮ 1,450 ಗ್ರಾಂ ಅನ್ನೋದು ಸರಿಯಾಗಿ ನಡುಮಧ್ಯದ ಅಂಕಿ. ಒಳ್ಳೇ ಗಂಡಿಗೂ ಹೊಂದುತ್ತೆ, ಮೊಟ್ಟೆ ಇಟ್ಟು ಸೊರಗಿದ ಹೆಣ್ಣಿಗೂ ಹೊಂದುತ್ತೆ.

ಪಾಪಿಂಗ್ ಅಂದರೆ ಬಾಲದ ಬುಡವನ್ನ ಹೆಬ್ಬೆರಳಿನಿಂದ ಒತ್ತಿ ಹೆಮಿಪೀನಿಸ್ ಹೊರಗೆ ಬರೋ ಹಾಗೆ ಮಾಡೋದು. ಅದು ಮೊಟ್ಟೆಯೊಡೆದು ಬಂದ ಮರಿಗಳಿಗೆ. ಬೆಳೆದ ಹಾವಿನ ಸ್ನಾಯು ಗಟ್ಟಿ, ಅದು ಬಿಗಿ ಹಿಡಿದರೆ ಗಂಡಾದರೂ ಏನೂ ಹೊರಗೆ ಬರಲ್ಲ, "ಹೆಣ್ಣು" ಅಂತ ತೀರ್ಪು ಕೊಟ್ಟುಬಿಡ್ತಾರೆ. ಜೋರು ಮಾಡಿದರೆ ಒಳಗಿನ ಅಂಗಕ್ಕೇ ಪೆಟ್ಟು. ಆರು ವರ್ಷದ ಹಾವಿಗೆ ಮಾಡಿಸಬೇಡಿ.

ಉಳಿಯೋದು ಪ್ರೋಬಿಂಗ್, ಅಂದರೆ ವೆಂಟಿನೊಳಗೆ ಕಡ್ಡಿ ಹಾಕಿ ಆಳ ನೋಡೋದು. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳೋರು ಇಲ್ಲಿದ್ದಾರೆ.

ಧಾರವಾಡ_ಪೇಡಾ:

ನಾ ಫೀನಿಕ್ಸ್‌ನ್ಯಾಗ ಇರೋದ್ರಿ, ಭಾಳ ವರ್ಷದಿಂದ ಕಾರ್ನ್ ಸ್ನೇಕ್ ಸಾಕೇನಿ. ರಾಯರ ಮಾತು ಪೂರ್ತಿ ಒಪ್ಪಂಗಿಲ್ಲ. ದೊಡ್ಡ ಹಾವಿನ ಬಾಲ ನೋಡಿದ್ರ ಗೊತ್ತಾಗೇ ಆಗ್ತದ. ವೆಂಟ್ ದಾಟಿದ ಮ್ಯಾಲೆ ಒಂದಷ್ಟು ದೂರ ಅದೇ ದಪ್ಪ ಹಂಗಽ ಹೋದ್ರ ಗಂಡು, ಗಪ್ಪನೆ ಸಣ್ಣ ಆದ್ರ ಹೆಣ್ಣು. ನಮ್ಮ ಹಾವು ಎಲ್ಲಾ ಹಂಗಽ ನೋಡಿ ತಂದದ್ದು, ಒಂದೂ ತಪ್ಪಿಲ್ಲ. ಸುಮ್ಮನ ಅದಕ್ಕ ಕಡ್ಡಿ ಹಾಕಿಸಿ ಯಾಕ ತ್ರಾಸ ಕೊಡ್ತೀರಿ?

ಆಸ್ಟಿನ್_ರಾಯರು:

ಪೇಡಾ ಅವರೇ, ಕಾರ್ನ್ ಸ್ನೇಕ್ ಮಟ್ಟಿಗೆ ನಿಮ್ಮ ಮಾತು ಸರಿ. ಅವುಗಳ ಬಾಲ ಉದ್ದ, ವ್ಯತ್ಯಾಸ ಎದ್ದು ಕಾಣುತ್ತೆ, ಅದರಲ್ಲೂ ಒಂದೇ ಅಳತೆಯ ಎರಡು ಹಾವು ಪಕ್ಕಪಕ್ಕ ಇಟ್ಟು ನೋಡಿದರೆ. ಹಾಗ್‌ನೋಸ್‌ನಲ್ಲಿ ಇನ್ನೂ ಸುಲಭ. ಕೀನ್ಯಾದ ಸ್ಯಾಂಡ್ ಬೋವಾದಲ್ಲಿ ಹೆಣ್ಣು ಗಂಡಿನ ಹತ್ತಿರ ಹತ್ತಿರ ಎರಡರಷ್ಟು ಉದ್ದ ಬೆಳೆಯುತ್ತೆ. ಆದರೆ ನಮ್ಮ ಹೊಸಬರು ಕೇಳ್ತಿರೋದು ಬಾಲ್ ಪೈಥಾನ್. ಒಂದು ಜಾತಿಯಲ್ಲಿ ಪಳಗಿದ ಕಣ್ಣು ಇನ್ನೊಂದು ಜಾತಿಗೆ ನಡೆಯಲ್ಲ. ಇಲ್ಲಿ ನಡುವೆ ದುಡ್ಡಿನ ವ್ಯವಹಾರ ಬೇರೆ ಇದೆ.

ಲೀಡ್ಸ್_ವೆಟ್‌ನರ್ಸ್:

ನಾನು ಇಂಗ್ಲೆಂಡಿನಲ್ಲಿ ಸರೀಸೃಪಗಳನ್ನೂ ನೋಡುವ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಇದೇ ಹಾವಿಗೆ ರಾಯಲ್ ಪೈಥಾನ್ ಅಂತಾರೆ. ಪ್ರೋಬಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ "ಪ್ರೋಬ್ ಮಾಡಿಸಿದ್ದೀವಿ" ಅಂದ ತಕ್ಷಣ ಎಲ್ಲರೂ ಪೂರ್ತಿ ನಂಬಿಬಿಡ್ತಾರೆ.

ತುದಿ ಉಂಡೆಯಾಗಿರೋ, ನುಣುಪಾದ ಸ್ಟೀಲ್ ಕಡ್ಡಿ. ಹಾವಿನ ಗಾತ್ರಕ್ಕೆ ಸರಿಯಾದ ದಪ್ಪದ್ದು ಬೇಕು. ತೆಳ್ಳಗಿದ್ದಷ್ಟೂ ಚುಚ್ಚೋ ಅಪಾಯ ಜಾಸ್ತಿ. ನೀರಿನಲ್ಲಿ ಕರಗೋ ಜೆಲ್ ಹಚ್ಚಿ, ವೆಂಟಿನ ಅಂಚಿನಲ್ಲಿ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ಬಾಲದ ತುದಿಯ ಕಡೆಗೆ ಮೆಲ್ಲಗೆ ತಿರುಗಿಸ್ತಾ ಬಿಡ್ತಾರೆ. ಮೊದಲ ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು, ತಳ್ಳಬಾರದು. ಅಲ್ಲಿಗೆ ಬೆರಳಿಟ್ಟು ಗುರುತು ಮಾಡಿ, ಹೊರಗೆ ತೆಗೆದು, ಬಾಲದ ಅಡಿಯ ಹುರುಪೆಗಳ ಮೇಲೆ ಇಟ್ಟು ಎಷ್ಟು ಹುರುಪೆಯಷ್ಟು ಆಳ ಹೋಯ್ತು ಅಂತ ಎಣಿಸ್ತಾರೆ. ಬಾಲ್ ಪೈಥಾನ್‌ನಲ್ಲಿ ಹೆಣ್ಣಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು, ಗಂಡಾದರೆ ಏಳೆಂಟು ಅಥವಾ ಅದಕ್ಕೂ ಹೆಚ್ಚು. ನಡುವಿನ ಐದು, ಆರು ಬಂದರೆ ಯಾವ ತೀರ್ಮಾನಕ್ಕೂ ಬರಬಾರದು. ಇನ್ನೊಂದು ದಿನ, ಇನ್ನೊಬ್ಬರ ಕೈಲಿ ನೋಡಿಸಬೇಕು.

ಈಗ ಮುಖ್ಯ ವಿಷಯ. ಎರಡೂ ಕಡೆ ಕಡ್ಡಿ ಸಲೀಸಾಗಿ ಆಳಕ್ಕೆ ಇಳಿದರೆ ಅದು ಗಂಡು ಅನ್ನೋದಕ್ಕೆ ಗಟ್ಟಿ ಸಾಕ್ಷಿ, ಅಲ್ಲೊಂದು ಉದ್ದದ ಪೊಳ್ಳು ಇದೆ ಅಂತ ಗೊತ್ತಾಯ್ತಲ್ಲ. ಆದರೆ ಕಡ್ಡಿ ಆಳಕ್ಕೆ ಹೋಗಲಿಲ್ಲ ಅಂದರೆ? ಹೆಣ್ಣಿರಬಹುದು. ಗಂಡು ಹಾವು ಹೆದರಿ ಬಾಲ ಬಿಗಿ ಹಿಡಿದಿರಬಹುದು. ಕಡ್ಡಿ ದಪ್ಪ ಆಗಿರಬಹುದು, ದಾರಿ ತಪ್ಪಿರಬಹುದು. "ಗಂಡು" ಅನ್ನೋದು ಕಂಡು ಹೇಳೋ ಮಾತು. "ಹೆಣ್ಣು" ಅನ್ನೋದು ಬಹಳ ಸಲ ಗಂಡಿನ ಗುರುತು ಸಿಗಲಿಲ್ಲ ಅಂತ ಹೇಳೋ ಮಾತು. ಹೆಣ್ಣಿಗೆ ಹೆಚ್ಚು ದುಡ್ಡು ಕೊಡೋರು ಇದನ್ನ ತಲೇಲಿ ಇಟ್ಕೊಳ್ಳಲೇಬೇಕು.

ಇದರ ತಿರುಗಾ ಮುರುಗಾ ತಪ್ಪೂ ಉಂಟು. ಹೆಣ್ಣಿನ ಬಾಲದೊಳಗೆ ವಾಸನೆಯ ಗ್ರಂಥಿಗಳಿವೆ. ಒರಟು ಕೈಯವರು ಕಡ್ಡಿ ನೂಕಿ ಅಂಗಾಂಶ ಹರಿದರೆ ಆಳ ಜಾಸ್ತಿ ಬರುತ್ತೆ, ಹೆಣ್ಣು "ಗಂಡು" ಆಗಿಬಿಡುತ್ತೆ, ಗಾಯವೂ ಉಳಿಯುತ್ತೆ. 2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು ಮುಂದಾಗಿ ಮಾಡಿದ ಒಂದು ಅಧ್ಯಯನ ಬಂತು. ಹೆಣ್ಣು ಹಾವುಗಳ ಬಾಲದಲ್ಲಿ ಹೆಮಿಕ್ಲಿಟೋರಿಸ್ ಅನ್ನೋ ಜೋಡಿ ಅಂಗ ಇದೆ, ಅದರಲ್ಲಿ ನರಗಳಿವೆ, ಅದು ವಾಸನೆ ಗ್ರಂಥಿಯೂ ಅಲ್ಲ ಬೆಳೆಯದ ಹೆಮಿಪೀನಿಸ್ಸೂ ಅಲ್ಲ ಅಂತ ಅವರು ತೋರಿಸಿದರು. ಅಂದರೆ ನಾವು ಕಡ್ಡಿ ಹಾಕೋ ಜಾಗ ನೋವು ತಿಳಿಯೋ ಜಾಗ. ಕಲಿತ ಕೈ ಬೇಕು ಅಂತ ಪದೇ ಪದೇ ಹೇಳೋದು ಅದಕ್ಕೇ. ವಿಡಿಯೋ ನೋಡಿಕೊಂಡು ಮನೇಲಿ ಯಾರೂ ಪ್ರಯತ್ನ ಮಾಡಬೇಡಿ, ದಯವಿಟ್ಟು.

ಡಲ್ಲಾಸ್_ಹೊಸಬ:

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಆರ್ಲಿಂಗ್ಟನ್‌ನಲ್ಲಿ ಎನ್‌ಎಆರ್‌ಬಿಸಿ ಸರೀಸೃಪ ಮೇಳ ನಡೆಯುತ್ತಲ್ಲ, ಮಾರೋರು "ಬೇಕಾದರೆ ಅಲ್ಲಿಗೆ ತರ್ತೀನಿ, ಗೊತ್ತಿರೋ ಬ್ರೀಡರ್ ಯಾರಾದರೂ ಪ್ರೋಬ್ ಮಾಡ್ತಾರೆ" ಅಂದಿದ್ದಾರೆ. ಅದು ಸಾಕಾ, ವೈದ್ಯರೇ ಆಗಬೇಕಾ?

ಆಸ್ಟಿನ್_ರಾಯರು:

ಕೈ ಪಳಗಿದ ಬ್ರೀಡರ್ ಸಾಕು ಅಂತ ನಾನಂತೂ ಹೇಳ್ತೀನಿ. ವರ್ಷಾ ವರ್ಷಾ ನೂರಾರು ಹಾವು ನೋಡೋರ ಕೈ, ಎಷ್ಟೋ ಸಲ ಬರೀ ನಾಯಿ ಬೆಕ್ಕು ನೋಡೋ ಡಾಕ್ಟರ ಕೈಗಿಂತ ಹಗುರ ಇರುತ್ತೆ. ಆದರೆ ಮೇಳದಲ್ಲಿ ಬೇಡ. ಹಾವು ಮೊದಲೇ ಗದ್ದಲಕ್ಕೆ ಗಾಬರಿಯಾಗಿ ಬಿಗಿದುಕೊಂಡಿರುತ್ತೆ.

ಲೀಡ್ಸ್_ವೆಟ್‌ನರ್ಸ್:

ಮೇಳ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ. ಒಂದು ಹಾವಿಗೆ ಹಾಕಿದ ಪ್ರೋಬನ್ನ ಸರಿಯಾಗಿ ಸೋಂಕು ಕಳೆಯದೆ ಇನ್ನೊಂದಕ್ಕೆ ಹಾಕಬಾರದು. ಮೇಜಿನ ಮೇಲೆ, ಜನರ ನಡುವೆ, ಅದು ಆಗೋ ಮಾತಲ್ಲ. ಹೆಬ್ಬಾವುಗಳಲ್ಲಿ ನಿಡೋವೈರಸ್ ಅಂತ ಉಸಿರಾಟದ ಕಾಯಿಲೆ ಇದೆ, ಸಂತೆಯಂಥ ಜಾಗದಲ್ಲಿ ಹಾವಿಂದ ಹಾವಿಗೆ ಕೈ ಬದಲಾಗೋದೇ ಒಳ್ಳೇದಲ್ಲ. ಬ್ರೀಡರ್ ಬಗ್ಗೆ ರಾಯರು ಹೇಳಿದ್ದನ್ನ ಅರ್ಧ ಒಪ್ತೀನಿ: ಕೈ ಮುಖ್ಯ, ಪದವಿ ಆಮೇಲೆ. ಆದರೆ ವೈದ್ಯರ ಹತ್ತಿರ ಹೋದರೆ ಇನ್ನೊಂದು ಅನುಕೂಲ ಇದೆ, ಅಲ್ಟ್ರಾಸೌಂಡ್. ಬೆಳೆದ ಹೆಣ್ಣಿನಲ್ಲಿ ಅಂಡಾಶಯದ ಕೋಶಕಗಳು (ಮುಂದೆ ಮೊಟ್ಟೆಯಾಗೋ ಗುಳ್ಳೆಗಳು) ದೊಡ್ಡದಾಗಿದ್ದರೆ ಪರದೆ ಮೇಲೆ ಸಾಲಾಗಿ ಕಾಣ್ತವೆ. ಅದು "ಗಂಡಿನ ಗುರುತು ಸಿಗಲಿಲ್ಲ" ಅನ್ನೋ ಸಾಕ್ಷಿ ಅಲ್ಲ, ಹೆಣ್ಣಿನ ಗುರುತೇ ಸಿಕ್ಕ ಸಾಕ್ಷಿ. ಕೋಶಕ ಬೆಳೆಯದ ಕಾಲದಲ್ಲಿ ಏನೂ ಕಾಣದೇ ಇರಬಹುದು, ಆಗ ಅದರಿಂದ ಏನೂ ತೀರ್ಮಾನ ಆಗಲ್ಲ. ಅಮೆರಿಕದಲ್ಲಿ ಸರೀಸೃಪ ನೋಡೋ ವೈದ್ಯರ ಸಂಘ ಇದೆ, ಎಆರ್‌ಎವಿ ಅಂತ. ಅವರ ತಾಣದಲ್ಲಿ ನಿಮ್ಮ ಊರಿನ ಹತ್ತಿರದವರನ್ನ ಹುಡುಕಬಹುದು.

ವಂಶವಾಹಿ:

ಹೊಸಬರೇ, ಬನಾನ ಮಾರ್ಫ್ ಅಂದಿರಲ್ಲ, ಅದಕ್ಕೇ ಬರೀತಿದ್ದೀನಿ. ಇದರಲ್ಲಿ ಒಂದು ಸುಳಿವು ಅಡಗಿದೆ.

ಬಹಳ ಕಾಲ ಎಲ್ಲ ಹಾವುಗಳಲ್ಲೂ ಹಕ್ಕಿಗಳ ಹಾಗೆ ಜ಼ಡ್‌ಡಬ್ಲ್ಯೂ ಪದ್ಧತಿ, ಅಂದರೆ ಎರಡು ಬಗೆಯ ಲಿಂಗ ವರ್ಣತಂತು ಇರೋದು ಹೆಣ್ಣಿಗೆ ಅಂತಲೇ ನಂಬಿದ್ದರು. ಕೇರೆ, ಕಾರ್ನ್ ಸ್ನೇಕ್, ನಾಗರ, ಮಂಡಲ ಇವಕ್ಕೆಲ್ಲ ಅದು ನಿಜ. 2017ರಲ್ಲಿ ವಿಜ್ಞಾನಿ ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು ಒಂದು ಬೋವಾ ಮತ್ತು ಒಂದು ಹೆಬ್ಬಾವಿನ ಜಾತಿಯಲ್ಲಿ ನಮ್ಮ ಹಾಗೆ ಎಕ್ಸ್‌ವೈ ಪದ್ಧತಿ ಇದೆ ಅಂತ ತೋರಿಸಿದರು: ಗಂಡು ಎಕ್ಸ್‌ವೈ, ಹೆಣ್ಣು ಎಕ್ಸ್‌ಎಕ್ಸ್. ಬಾಲ್ ಪೈಥಾನ್ ಬ್ರೀಡರ್‌ಗಳಿಗೆ ಇದರ ವಾಸನೆ ಮೊದಲೇ ಬಡಿದಿತ್ತು, ಅದೂ ಇದೇ ಬನಾನದಿಂದ. ಕೆಲವು ಬನಾನ ಗಂಡುಗಳಿಗೆ ಹುಟ್ಟೋ ಬನಾನ ಮರಿಗಳೆಲ್ಲ ಹೆಚ್ಚುಕಮ್ಮಿ ಗಂಡೇ, ಇನ್ನು ಕೆಲವಕ್ಕೆ ಹೆಚ್ಚುಕಮ್ಮಿ ಹೆಣ್ಣೇ. "ಮೇಲ್ ಮೇಕರ್", "ಫೀಮೇಲ್ ಮೇಕರ್" ಅಂತ ಅವರು ಹೆಸರಿಟ್ಟುಕೊಂಡರು.

ಕಾರಣ ಸರಳ. ಬನಾನ ಬಣ್ಣದ ಜೀನ್ ಲಿಂಗ ವರ್ಣತಂತುವಿನ ಮೇಲೆ ಕೂತಿದೆ. ಒಂದು ಗಂಡಿಗೆ ಬನಾನ ತನ್ನ ಅಪ್ಪನಿಂದ ಬಂದಿದ್ದರೆ ಅದು ವೈ ಮೇಲಿರುತ್ತೆ, ವೈ ಹೋಗೋದು ಗಂಡು ಮರಿಗಳಿಗೆ. ಅಮ್ಮನಿಂದ ಬಂದಿದ್ದರೆ ಎಕ್ಸ್ ಮೇಲಿರುತ್ತೆ, ಅಪ್ಪನ ಎಕ್ಸ್ ಹೋಗೋದು ಹೆಣ್ಣು ಮರಿಗಳಿಗೆ. ಆಗಾಗ ಎಕ್ಸ್ ವೈ ನಡುವೆ ಜೀನ್ ಅದಲುಬದಲು ಆಗೋದುಂಟು, ಹಾಗಾಗಿ ನೂರಕ್ಕೆ ನೂರಲ್ಲ. ತಾಯಿ ಹಾವೇ ಬನಾನ ಆಗಿದ್ದರೆ ಎರಡೂ ಸಮಸಮ.

ಹಾಗಾಗಿ ಮಾರೋರನ್ನ ಕೇಳಿ: ಈ ಹಾವಿಗೆ ಬನಾನ ಬಂದಿದ್ದು ಅಪ್ಪನಿಂದಲೋ ಅಮ್ಮನಿಂದಲೋ? ಅಪ್ಪನಿಂದ ಅಂದರೆ, ಆ ಅಪ್ಪನಿಗೆ ಯಾರಿಂದ? "ಅಪ್ಪ ಮೇಲ್ ಮೇಕರ್" ಅಂತ ಗೊತ್ತಾದರೆ, ನಿಮಗೆ ಹೆಣ್ಣು ಅಂತ ತೋರಿಸ್ತಿರೋ ಹಾವನ್ನ ಇನ್ನೂ ಹುಷಾರಾಗಿ ಪರೀಕ್ಷೆ ಮಾಡಿಸಿ.

ಇನ್ನೊಂದು ದಾರಿ ಪೊರೆ. ಅಮೆರಿಕದಲ್ಲಿ ಬಾಲ್ ಪೈಥಾನ್ ಬಿಟ್ಟ ಪೊರೆಯಿಂದ ಮಾರ್ಫ್ ಜೀನ್ ಪರೀಕ್ಷೆ ಮಾಡೋ ಲ್ಯಾಬ್‌ಗಳಿವೆ, ಲಿಂಗ ಪರೀಕ್ಷೆಯೂ ಸಿಗುತ್ತೆ. ಹಾವನ್ನ ಮುಟ್ಟೋದೇ ಬೇಡ. ಕಳಿಸೋ ಮುಂಚೆ ಲಿಂಗ ಪರೀಕ್ಷೆ ನಿಮ್ಮ ಜಾತಿಗೆ ಮಾಡ್ತಾರಾ ಅಂತ ಕೇಳಿಕೊಳ್ಳಿ. ಬೋವಾ, ಕಾರ್ನ್ ಸ್ನೇಕ್ ಎಲ್ಲಕ್ಕೂ ಒಂದೇ ಪರೀಕ್ಷೆ ನಡೆಯಲ್ಲ. ಪೊರೆ ನಿಮ್ಮ ಕಣ್ಣೆದುರು ಆ ಪೆಟ್ಟಿಗೆಯಿಂದಲೇ ತೆಗೆದದ್ದಾಗಿರಲಿ. ಆ ಪೊರೆಯ ಬಾಲದ ಭಾಗ, ಪೆಟ್ಟಿಗೆಯ ತಳ ಎರಡನ್ನೂ ನೋಡಿ. ಗಂಡು ಹಾವುಗಳು ಆಗಾಗ ಹೆಮಿಪೀನಿಸ್‌ನಿಂದ ಮೇಣದಂಥ ಗಟ್ಟಿ ಕಡ್ಡಿಗಳನ್ನ ಉದುರಿಸ್ತವೆ, ಬ್ರೀಡರ್‌ಗಳು ಸ್ಪರ್ಮ್ ಪ್ಲಗ್ ಅಂತಾರೆ. ಅದು ಸಿಕ್ಕರೆ ಕಥೆ ಮುಗೀತು, ಅದು ಗಂಡು.

ಬೇಏರಿಯಾ_ಅಮ್ಮ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಮಗನಿಗೆ ವೆಸ್ಟರ್ನ್ ಹಾಗ್‌ನೋಸ್ ಬೇಕಂತೆ, ಮರಿ ಮಾಡಿಸೋ ಯೋಚನೆ ಇಲ್ಲ. ನಾವೂ ಇಷ್ಟೆಲ್ಲ ಪರೀಕ್ಷೆ ಮಾಡಿಸಬೇಕಾ?

ಧಾರವಾಡ_ಪೇಡಾ:

ಬ್ಯಾಡ್ರಿ ಅಕ್ಕಾರ. ಹಾಗ್‌ನೋಸ್ ದೊಡ್ಡದಿದ್ರ ನೋಡಿದ ಕೂಡ್ಲೇ ತಿಳೀತದ. ಗಂಡು ಸಣ್ಣದು, ಬಾಲ ಉದ್ದ. ಹೆಣ್ಣು ದಪ್ಪ, ಬಾಲ ಮೋಟು. ಗೂಡು ಎಷ್ಟು ದೊಡ್ಡದು ಬೇಕು ಅನ್ನೋದಕ್ಕಷ್ಟ ಇದು ಮುಖ್ಯ. ಬರೇ ಸಾಕಾಕ ಅಂದ್ರ ಹೆಣ್ಣು ಗಂಡು ಬಿಟ್ಟು ಬ್ಯಾರೆ ನೋಡ್ರಿ: ಉಣ್ಣತದೋ ಇಲ್ಲೋ, ಮೂಗಿನ್ಯಾಗ ಗುಳ್ಳಿ ಬರ್ತಾವೋ, ಹುರುಪಿ ನಡುವ ಹೇನಿನಂಥಾ ಹುಳ ಅದಾವೋ. ಮತ್ತ ಒಂದು ಮಾತು, ಗಂಡು ಬೆದಿ ಕಾಲದಾಗ ಉಪವಾಸ ಕೂಡ್ತದ, ಆವಾಗ ಮಗ ಗಾಬರಿ ಆಗದಂಗ ನೋಡ್ಕೋರಿ.

ಆಸ್ಟಿನ್_ರಾಯರು:

ಇದಕ್ಕೆ ನನ್ನದೂ ಸಹಿ. ಆದರೆ ಬರೀ ಸಾಕೋರೂ ಲಿಂಗ ಕೇಳಲೇಬೇಕಾದ ಜಾತಿಗಳಿವೆ. ರೆಟಿಕ್ಯುಲೇಟೆಡ್ ಪೈಥಾನ್ ತಗೊಳ್ಳಿ, ಹೆಣ್ಣು ಗಂಡಿಗಿಂತ ಎಷ್ಟೋ ದೊಡ್ಡದಾಗಿ ಬೆಳೆಯುತ್ತೆ. "ಗಂಡು, ಜಾಸ್ತಿ ಬೆಳೆಯಲ್ಲ" ಅನ್ನೋ ಮಾತು ನಂಬಿ ತಂದು, ಆಮೇಲೆ ಒಂದು ಕೋಣೆಯನ್ನೇ ಬಿಟ್ಟುಕೊಡಬೇಕಾಗುತ್ತೆ. ಟೆಕ್ಸಾಸ್‌ನಲ್ಲಿ ಆ ಹಾವಿಗೆ ಪರ್ಮಿಟ್ ಬೇರೆ ಬೇಕು. ಬಾಲ್ ಪೈಥಾನ್‌ಗೆ ಅದು ಬೇಡ.

ಮೈಸೂರು_ಹುಡುಗ:

ಎಲ್ಲ ಓದಿದೆ, ಚೆನ್ನಾಗಿದೆ. ನಾನು ಮೈಸೂರಲ್ಲೇ ಇರೋದು. ನಮ್ಮ ತೋಟದಲ್ಲಿ ಕೇರೆ ಹಾವು ಬಹಳ. ಹಿಡಿದು ಹೆಣ್ಣು ಗಂಡು ನೋಡಿ ಒಂದು ಸಾಕಬಹುದಾ? ತಾತ ಹೇಳ್ತಿದ್ದರು ಕೇರೆ ಅಂದರೆ ನಾಗರಹಾವಿನ ಗಂಡು, ಅದಕ್ಕೆ ಹೆಣ್ಣೇ ಇಲ್ಲ ಅಂತ.

ತೀರ್ಥಹಳ್ಳಿ_ಕಾಡು:

ತಮ್ಮಾ, ಹಿಡಿಯೋದೇ ಬೇಡ. ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ, ನಮ್ಮ ನೆಲದ ಈ ಹಾವುಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಾಕೋದು, ಮಾರೋದು, ಕೊಳ್ಳೋದು ಎಲ್ಲವೂ ಅಪರಾಧ. ಮಣ್ಣುಮುಕ್ಕನನ್ನ "ಎರಡು ತಲೆ ಹಾವು, ಲಕ್ಷಗಟ್ಟಲೆ ಬೆಲೆ" ಅಂತ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಪೇಪರುಗಳಲ್ಲಿ ಬರ್ತಾನೇ ಇರುತ್ತೆ. ಹೊರದೇಶದ ಹಾವಾದರೂ ಈಗ ಸುಮ್ಮನೆ ಇಟ್ಕೊಳ್ಳೋ ಹಾಗಿಲ್ಲ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 2024ರಲ್ಲಿ ನಿಯಮಗಳೂ ಬಂದವು. ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಪ್ರಾಣಿ ಇದ್ದರೆ ಕೇಂದ್ರ ಸರ್ಕಾರದ ಪರಿವೇಶ್ ತಾಣದಲ್ಲಿ ನೋಂದಾಯಿಸಬೇಕು, ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಕಾಗದ ಇಲ್ಲದೆ ಯಾರಾದರೂ "ತಗೋ" ಅಂದರೆ ದೂರ ಇರು.

ತಾತ ಹೇಳಿದ್ದು ನಮ್ಮ ಕಡೆಯೂ ಎಲ್ಲರ ಬಾಯಲ್ಲಿ ಇದೆ, ಆದರೆ ಕೇರೆ ಬೇರೆ ಜಾತಿ, ನಾಗರ ಬೇರೆ ಜಾತಿ. ಎರಡರಲ್ಲೂ ಹೆಣ್ಣಿದೆ, ಗಂಡಿದೆ. ಗದ್ದೆ ಬದುವಿನ ಮೇಲೆ ಎರಡು ಕೇರೆ ಹುರಿಯಾಗಿ ಹೆಣೆದುಕೊಂಡು ಎದ್ದು ನಿಲ್ಲೋದನ್ನ ನೋಡಿರ್ತೀಯ. ಜನ ಅದನ್ನ ಗಂಡು ಹೆಣ್ಣಿನ ಕೂಟ ಅಂದುಕೊಂಡು ಮೇಲೆ ಪಂಚೆ ಹಾಕ್ತಾರೆ. ಅವೆರಡೂ ಗಂಡು, ಹೆಣ್ಣಿಗಾಗಿ ಕುಸ್ತಿ ಹಿಡಿದಿರ್ತವೆ. ಯಾವುದು ಇನ್ನೊಂದರ ತಲೆಯನ್ನ ನೆಲಕ್ಕೆ ಅದುಮುತ್ತೋ ಅದು ಗೆದ್ದಂತೆ.

ಹಾವುಗಳಲ್ಲಿ ಹೀಗೆ ಗಂಡುಗಳು ಕುಸ್ತಿ ಮಾಡೋ ಜಾತಿಗಳಲ್ಲಿ ಸಾಮಾನ್ಯವಾಗಿ ಗಂಡೇ ದೊಡ್ಡದು. ಆಗುಂಬೆಯಲ್ಲಿ ಹಾವು ತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ ಮೇಲೆ ಕಾಳಿಂಗದ ಬಗ್ಗೆ ಬಹಳ ತಿಳೀತು. ಅಲ್ಲೂ ಗಂಡೇ ದೊಡ್ಡದು, ಎಲೆ ಗುಡ್ಡೆ ಹಾಕಿ ಗೂಡು ಕಟ್ಟೋ ಹೆಣ್ಣು ಅದಕ್ಕಿಂತ ಸಣ್ಣದು. ಹಾಗಾಗಿ "ದೊಡ್ಡದು ಅಂದರೆ ಹೆಣ್ಣು" ಅಂತ ಹೆಬ್ಬಾವಿನ ಲೆಕ್ಕವನ್ನ ಎಲ್ಲ ಹಾವಿಗೂ ಹಾಕಬೇಡಿ. ಹಾವಿನ ಮೇಲೆ ಆಸಕ್ತಿ ಇದ್ದರೆ ತೋಟದಲ್ಲಿ ದೂರ ನಿಂತು ನೋಡು. ಇಲಿ ಹಿಡಿದುಕೊಂಡು ಅದರ ಪಾಡಿಗೆ ಅದು ಇರುತ್ತೆ, ತೋಟಕ್ಕೂ ಒಳ್ಳೇದು.

ಲೀಡ್ಸ್_ವೆಟ್‌ನರ್ಸ್:

ನಂಬಿದ್ದು ತಪ್ಪೋದು ಬರೀ ಮನೆಗಳಲ್ಲಿ ಅಲ್ಲ ಅಂತ ಹೇಳೋಕೆ ಇದನ್ನ ಹಾಕ್ತಿದ್ದೀನಿ. ಇಲ್ಲಿನ ಪೋರ್ಟ್ಸ್‌ಮತ್ ಕಾಲೇಜಿನಲ್ಲಿ ರೊನಾಲ್ಡೊ ಅಂತ 13 ವರ್ಷದ ಬ್ರೆಜಿಲಿಯನ್ ರೇನ್‌ಬೋ ಬೋವಾ ಇತ್ತು. ಗಂಡು ಅಂತಲೇ ಎಲ್ಲರೂ ನಂಬಿದ್ದರು, ಹೆಸರೂ ಗಂಡಿನದೇ. 2024ರ ಜೂನ್‌ನಲ್ಲಿ 14 ಮರಿ ಹಾಕಿತು. ವರ್ಷಗಟ್ಟಲೆ ಬೇರೆ ಹಾವಿನ ಸಂಗ ಇರಲಿಲ್ಲ, ಗಂಡಿಲ್ಲದೆ ಮರಿ ಮಾಡೋ ಪಾರ್ಥೆನೋಜೆನೆಸಿಸ್ ಅಂತ ಹೇಳಿದರು.

ವಂಶವಾಹಿ:

ಇದಕ್ಕೆ ಸೇರಿಸ್ತೀನಿ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 62 ವರ್ಷ ದಾಟಿದ್ದ ಒಂದು ಬಾಲ್ ಪೈಥಾನ್ 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ಕನಿಷ್ಠ 15 ವರ್ಷದಿಂದ ಗಂಡಿನ ಹತ್ತಿರ ಇರಲಿಲ್ಲ. ಹೆಣ್ಣು ಹಾವು ಗಂಡಿನ ವೀರ್ಯವನ್ನ ಬಹಳ ಕಾಲ ಒಳಗೇ ಕಾದಿಡಬಲ್ಲದು, ಪಾರ್ಥೆನೋಜೆನೆಸಿಸ್ಸೂ ಇರಬಹುದು. ಹೊಸಬರು ಇದನ್ನ ತಿಳಿದಿರಲಿ: ಬೆಳೆದ ಹೆಣ್ಣು ತಂದರೆ, ನೀವು ಜೋಡಿ ಹಾಕದೇ ಇದ್ದರೂ ಒಂದು ದಿನ ಪೆಟ್ಟಿಗೆಯಲ್ಲಿ ಮೊಟ್ಟೆ ಕಾಣಬಹುದು.

ಆಸ್ಟಿನ್_ರಾಯರು:

ಹೊಸಬರೇ, ಒಂದು ಮುಖ್ಯವಾದದ್ದು ಉಳಿದಿದೆ. "ಮೊಟ್ಟೆ ಇಟ್ಟಿದೆ" ಅಂತಾರಲ್ಲ, ಹಾಗಾದರೆ ಮೊಟ್ಟೆ ಸುತ್ತಿಕೊಂಡು ಕೂತಿರೋ ಫೋಟೋ ಕೇಳಿ. ಬಾಲ್ ಪೈಥಾನ್ ಹೆಣ್ಣು ಮೊಟ್ಟೆಗಳನ್ನ ಸುತ್ತಿಕೊಂಡೇ ಇರುತ್ತೆ, ಪೆಟ್ಟಿಗೆ ತೆರೆದ ಬ್ರೀಡರ್ ಮೊದಲು ಮಾಡೋದೇ ಫೋಟೋ ತೆಗೆಯೋ ಕೆಲಸ. ಆ ಫೋಟೋದ ಹಾವೂ ಮಾರಾಟಕ್ಕಿರೋ ಹಾವೂ ಒಂದೇನಾ ಅಂತ ನೀವೇ ಪರೀಕ್ಷಿಸಬಹುದು. ಮೈಪಕ್ಕದ ಮಚ್ಚೆಗಳ ಆಕಾರ ಪ್ರತಿ ಹಾವಿಗೂ ಬೇರೆ, ವಯಸ್ಸಾದ ಹಾಗೆ ಬಣ್ಣ ಮಾಸಬಹುದು, ಆಕಾರ ಬದಲಾಗಲ್ಲ. ಕತ್ತಿನಿಂದ ಶುರು ಮಾಡಿ ಒಂದೇ ಪಕ್ಕದ ನಾಲ್ಕೈದು ಮಚ್ಚೆಗಳನ್ನ ಸಾಲಾಗಿ ಹೋಲಿಸಿ. ಬನಾನದಲ್ಲಿ ವಯಸ್ಸಾದ ಮೇಲೆ ಕಪ್ಪು ಚುಕ್ಕೆಗಳು ಹೊಸದಾಗಿ ಏಳ್ತವೆ, ಅವನ್ನ ಲೆಕ್ಕಕ್ಕೆ ಹಿಡಿಯಬೇಡಿ, ದೊಡ್ಡ ಮಚ್ಚೆಗಳನ್ನೇ ನೋಡಿ.

ಜೊತೆಗೆ ತಿಂಗಳುವಾರು ತೂಕ ಬರೆದ ಚೀಟಿ ಇದ್ದರೆ ಕೇಳಿ. ಮೊಟ್ಟೆ ಇಟ್ಟ ಹೆಣ್ಣಿನ ತೂಕ ಏರಿ ದಿಢೀರ್ ಇಳಿದಿರುತ್ತೆ, ಆ ಏರಿಳಿತ ಕಾಗದದ ಮೇಲೆ ಕಾಣುತ್ತೆ. ಮತ್ತೆ ಮಾತು ಬರಹದಲ್ಲಿರಲಿ: "ಹೆಣ್ಣು ಅಂತ ಮಾರಿದ್ದು, ಇಂತಿಷ್ಟು ದಿನದೊಳಗೆ ಗಂಡು ಅಂತ ವೈದ್ಯರು ಹೇಳಿದರೆ ಬೆಲೆಯ ವ್ಯತ್ಯಾಸ ವಾಪಸ್." ಪ್ರಾಮಾಣಿಕ ಮಾರಾಟಗಾರರು ಇದಕ್ಕೆ ಬೇಸರ ಮಾಡ್ಕೊಳ್ಳಲ್ಲ.

ಡಲ್ಲಾಸ್_ಹೊಸಬ:

ಎಲ್ಲರಿಗೂ ಮಾಹಿತಿ ಕೊಡೋಣ ಅಂತ ಬಂದೆ. ಎಆರ್‌ಎವಿ ಪಟ್ಟಿಯಲ್ಲಿದ್ದ ವೈದ್ಯರ ಹತ್ತಿರ ಮಾರೋರೇ ಹಾವು ತಂದರು, ಫೀಸು ನಾನು ಕೊಟ್ಟೆ. ಮೊದಲು ಹಾವು ಸಡಿಲ ಆಗೋವರೆಗೆ ಕಾದರು. ಎರಡೂ ಕಡೆ ಮೂರು ಹುರುಪೆಗಿಂತ ಆಳ ಹೋಗಲಿಲ್ಲ. ಇಲ್ಲಿ ಓದಿದ್ದರಿಂದ ಅಷ್ಟಕ್ಕೇ ಬಿಡಲಿಲ್ಲ, ಅಲ್ಟ್ರಾಸೌಂಡ್ ಕೇಳಿದೆ. ಕೋಶಕಗಳು ಸಾಲಾಗಿ ಕಂಡವು, ನನಗೂ ತೋರಿಸಿದರು. ಹೆಣ್ಣೇ!

ಆದರೆ ರಾಯರ ಮಾತಿನಂತೆ ಮೊಟ್ಟೆ ಜೊತೆಗಿನ ಫೋಟೋ ತರಿಸಿ ಹೋಲಿಸಿದರೆ ಮಚ್ಚೆಗಳು ಹೊಂದಲೇ ಇಲ್ಲ, ಅದು ಬೇರೆ ಬನಾನ. ಮಾರೋರೂ ನೋಡಿ ಒಪ್ಪಿದರು. ಹಿಂದಿನವರು ಕಳಿಸಿದ್ದ ಫೋಟೋವನ್ನೇ ನನಗೆ ಮುಂದೆ ಕಳಿಸಿದ್ದರಂತೆ. ಅಪ್ಪ ಬನಾನ ಅಂತ ಗೊತ್ತು, ಅಪ್ಪನ ಅಪ್ಪ ಅಮ್ಮ ಯಾರು ಅಂತ ಅವರಿಗೆ ಗೊತ್ತಿಲ್ಲ. ಹಾಗಾಗಿ "ಹೆಣ್ಣು" ಅನ್ನೋದಕ್ಕೆ ಮಾತ್ರ ಬೆಲೆ ಕಟ್ಟಿ, "ಮೊಟ್ಟೆ ಇಟ್ಟಿದೆ" ಅನ್ನೋದಕ್ಕೆ ಕೇಳಿದ್ದನ್ನ ಬಿಡಿಸಿ ತಗೊಂಡ್ವಿ. ಈಗ ಮನೇಲಿದ್ದಾಳೆ, ಅಡಗುಪೆಟ್ಟಿಗೆ ಬಿಟ್ಟು ಹೊರಗೆ ಬರ್ತಿಲ್ಲ. ಊಟ ಯಾವಾಗ ಕೊಡಲಿ?

ಲೀಡ್ಸ್_ವೆಟ್‌ನರ್ಸ್:

ಬಹಳ ಸಂತೋಷ ಆಯ್ತು. ಒಂದು ವಾರ ಊಟನೂ ಬೇಡ, ಕೈಗೆ ತಗೊಳ್ಳೋದೂ ಬೇಡ. ನೀರು, ಬಿಸಿ, ಕತ್ತಲೆ ಜಾಗ ಇದ್ದರೆ ಸಾಕು. ವೆಂಟಿನ ಸುತ್ತ ಊತ, ರಕ್ತ, ಏನಾದರೂ ಹೊರಗೆ ಚಾಚಿಕೊಂಡಿದ್ದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಿ. ಮೊದಲ ಊಟ ಅವಳು ತಿಂತಿದ್ದುದಕ್ಕಿಂತ ಸ್ವಲ್ಪ ಸಣ್ಣದು ಕೊಡಿ. ಕೋಶಕ ಬೆಳೀತಿರೋ ಹೆಣ್ಣು ಊಟ ಬಿಡೋದೂ ಉಂಟು, ತೂಕ ಇಳಿಯದಿದ್ದರೆ ಹೆದರಬೇಡಿ. ನೀರಿನ ಬಟ್ಟಲು ಸುತ್ತಿಕೊಂಡು ಮಲಗೋದು, ಹೊಟ್ಟೆ ಮೇಲೆ ಮಾಡಿ ಹೊರಳೋದು ಕಂಡರೆ ಮೊಟ್ಟೆ ಇಡೋ ತಯಾರಿ ಇರಬಹುದು. ಒದ್ದೆ ಪಾಚಿ ಹಾಕಿದ ಒಂದು ಡಬ್ಬಿ ಒಳಗಿಡಿ. ಮೊಟ್ಟೆ ಇಟ್ಟ ಮೇಲೂ ಹೊಟ್ಟೆಯಲ್ಲಿ ಗಂಟು ಉಳಿದ ಹಾಗೆ ಕಂಡರೆ ಅದೇ ವೈದ್ಯರಿಗೆ ಫೋನ್ ಮಾಡಿ, ಕಾಯಬೇಡಿ. ಹಿಂದಿನ ಮಾಲೀಕರ ಹತ್ತಿರ ಗಂಡಿನ ಜೊತೆ ಇದ್ದಳಾ ಅಂತ ಮಾರೋರಿಂದ ವಿಚಾರಿಸಿ ಇಲ್ಲಿ ಹಾಕ್ತೀರಾ?